ಕೆಟ್ಟ ಉಗುರೆಂದು ಕೈ ಹಿಡಿಯಲು ಅಂಜಬೇಡಿ

ಮೇ ತಿಂಗಳು, ಮದುವೆಗೆ ಇನ್ನು ನಾಲ್ಕೇ ದಿನ. ಮದುಮಗಳ ತಾಯಿ ಕಾಪು ಪೇಟೆಯ ಒಂದು ಬ್ಯೂಟಿ ಪಾರ್ಲರಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮಗಳ ಮೆಹಂದಿ, ಫೇಶಿಯಲ್ ಎಲ್ಲ ಮಾತಾಡಿ ಆಯಿತು. "ನಿಮ್ಮ ಕೈಗೂ ಒಂದು ಮೆನಿಕ್ಯೂರ್ ಮಾಡಿಬಿಡುವ ಅಕ್ಕಾ" ಎಂದು ಪಾರ್ಲರಿನ ಹುಡುಗಿ ಪ್ರೀತಿಯಿಂದಲೇ ಹೇಳುತ್ತಾಳೆ. ತಾಯಿಗೆ ಸೆರಗಿನೊಳಗಿಂದ ಕೈ ಹೊರಗೆ ತೆಗೆಯಲು ಸಂಕೋಚ. ಕೊನೆಗೂ ತೆಗೆದು ಮೇಜಿನ ಮೇಲಿಟ್ಟಾಗ ಕಾಣುವುದೇನು? ಬಲಗೈಯ ಮೂರು ಬೆರಳುಗಳ ಉಗುರು ಹಳದಿ ತಿರುಗಿ, ತುದಿಯಲ್ಲಿ ಮೇಲೆದ್ದು, ಅಡಿಯಲ್ಲಿ ಸುಣ್ಣದ ಹುಡಿಯಂಥದ್ದು ಕಟ್ಟಿಕೊಂಡಿದೆ. ಇನ್ನೊಂದು ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿಗಳು.

ಇಂಥ ಹೊತ್ತಿನಲ್ಲಿ ಹೆಚ್ಚಾಗಿ ಎರಡರಲ್ಲಿ ಒಂದು ನಡೆಯುತ್ತದೆ. "ಇದು ಫಂಗಸ್, ಬೇರೆಯವರಿಗೆ ಅಂಟುತ್ತದೆ, ನಮ್ಮಲ್ಲಿ ಆಗುವುದಿಲ್ಲ" ಎಂದು ನಾಲ್ಕು ಜನರ ಮುಂದೆ ಹೇಳಿ ವಾಪಸು ಕಳಿಸುವುದು ಒಂದು. ಮೊನೆಯಾದ ಕಡ್ಡಿಯಿಂದ ಅಡಿಯ ಹುಡಿಯನ್ನೆಲ್ಲ ಕೆರೆದು ತೆಗೆದು, ಮೇಲೆ ಗಾಢ ಬಣ್ಣ ಬಳಿದು ಕಳಿಸುವುದು ಇನ್ನೊಂದು. ಮೊದಲನೆಯದರಿಂದ ಆ ತಾಯಿ ಮತ್ತೆ ಯಾರ ಮುಂದೆಯೂ ಕೈ ಚಾಚುವುದಿಲ್ಲ, ವೈದ್ಯರ ಮುಂದೆಯೂ. ಎರಡನೆಯದರಿಂದ ಉಗುರು ಮೊದಲಿಗಿಂತ ಹೆಚ್ಚು ಕೆಡುತ್ತದೆ. ಈ ಎರಡೂ ಅಲ್ಲದ ದಾರಿ ಯಾವುದೆಂದು ಈ ವಾರ ನೋಡೋಣ. ಪಾರ್ಲರ್ ನಡೆಸುವವರಿಗಷ್ಟೇ ಅಲ್ಲ, ಮನೆಯಲ್ಲಿ ಅತ್ತೆಯ, ಅಮ್ಮನ, ಗಂಡನ ಉಗುರು ಹೀಗೆ ಇರುವುದನ್ನು ಕಂಡೂ ಸುಮ್ಮನಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಉಗುರು ಬೆಳೆಯುವುದು ಹೇಗೆ?

ಉಗುರು ಸತ್ತ ವಸ್ತು. ಕೂದಲಿನ ಹಾಗೆ ಅದೂ ಕೆರಾಟಿನ್ ಎಂಬ ಗಟ್ಟಿ ಸಸಾರಜನಕದಿಂದ ಆದದ್ದು. ಕತ್ತರಿಸಿದರೆ ನೋಯದಿರುವುದು ಅದಕ್ಕೇ. ಆದರೆ ಅದನ್ನು ಹುಟ್ಟಿಸುವ ಬೇರು ಜೀವಂತವಾದುದು. ಅದು ಇರುವುದು ಉಗುರಿನ ಬುಡದ ಚರ್ಮದ ಕೆಳಗೆ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಬಿಳಿಯ ಅರ್ಧಚಂದ್ರ ಕಾಣುತ್ತದಲ್ಲವೇ, ಅದು ಈ ಬೇರಿನ ಹೊರಗೆ ಕಾಣುವ ಅಂಚು. ಉಗುರು ಮುಂದೆ ಸಾಗುತ್ತ ಹೋಗುವ ಗುಲಾಬಿ ಬಣ್ಣದ ಜಾಗ ಅದರ ಹಾಸು. ಇನ್ನು ಬುಡದಲ್ಲಿ ಉಗುರಿಗೂ ಚರ್ಮಕ್ಕೂ ನಡುವೆ ಒಂದು ತೆಳು ಪೊರೆ ಅಂಟಿಕೊಂಡಿರುತ್ತದೆ. ಪಾರ್ಲರಿನವರು ಕ್ಯೂಟಿಕಲ್ ಎಂದು ಹೇಳಿ ಹಿಂದಕ್ಕೆ ತಳ್ಳುವುದು, ಕತ್ತರಿಸುವುದು ಇದನ್ನೇ. ನೋಡಲು ಅದೊಂದು ಬೇಡದ ಸಿಪ್ಪೆ. ಆದರೆ ನೀರು, ಸೋಪು, ರೋಗಾಣುಗಳು ಬೇರಿನವರೆಗೆ ಇಳಿಯದ ಹಾಗೆ ಮುಚ್ಚಳ ಹಾಕಿಟ್ಟಿರುವುದು ಅದೇ. ಬಾಟಲಿಯ ಬಿರಡೆ ಕಿತ್ತು ಚಂದ ನೋಡುವುದು ಯಾವ ಜಾಣತನ?

ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಆರು ತಿಂಗಳು ಬೇಕು. ಕಾಲಿನ ಉಗುರು ಇನ್ನೂ ನಿಧಾನ, ಹೆಬ್ಬೆರಳಿಗೆ ಒಂದರಿಂದ ಒಂದೂವರೆ ವರ್ಷ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಉಗುರಿಗೆ ಮದ್ದು ಹಚ್ಚಿ ಹದಿನೈದು ದಿನದಲ್ಲಿ "ಗುಣವಾಗಲಿಲ್ಲ" ಎಂದು ಬಿಟ್ಟುಬಿಡುವವರೇ ಹೆಚ್ಚು.

ಚರ್ಮದ ರೋಗ ಉಗುರಿಗೆ ಬಂದಾಗ

ನಮ್ಮ ತಾಯಿಯ ಉಗುರಿನಲ್ಲಿ ಕಂಡ ಚಿಹ್ನೆಗಳು ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಸಾಮಾನ್ಯ. ಚರ್ಮದ ಜೀವಕೋಶಗಳು ಅಡಿಯಲ್ಲಿ ಹುಟ್ಟಿ, ಮೇಲೆ ಬಂದು, ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುವುದು ವಾಡಿಕೆ. ಸೋರಿಯಾಸಿಸ್‌ನಲ್ಲಿ ಇದೆಲ್ಲ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಶರೀರದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ಹೀಗೆ ಅವಸರಪಡಿಸುತ್ತದೆ. ಹಣ್ಣಾಗುವ ಮೊದಲೇ ಮೇಲೆ ಬಂದ ಕೋಶಗಳು ಬೆಳ್ಳಿಯ ಬಣ್ಣದ ಹೊಟ್ಟಾಗಿ ಮೊಣಕೈ, ಮೊಣಕಾಲು, ತಲೆಯ ಚರ್ಮದ ಮೇಲೆ ಕಟ್ಟಿಕೊಳ್ಳುತ್ತವೆ.

ಇದೇ ರೋಗ ಉಗುರಿನ ಬೇರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಿಸಿಕೊಂಡರೆ ಉಗುರಿನ ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ಹಾಸಿನಲ್ಲಿ ಬಂದರೆ ಉಗುರಿನ ಅಡಿಯಲ್ಲಿ ಹೊಟ್ಟು ಕಟ್ಟಿ, ಉಗುರು ಹಾಸಿನಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡ ಜಾಗದ ಅಂಚಿನಲ್ಲಿ ಕೆಂಪು ಮಿಶ್ರಿತ ಕಂದು ಗೆರೆ, ಅಥವಾ ಉಗುರಿನ ನಡುವೆ ಕಾಗದದ ಮೇಲೆ ಎಣ್ಣೆಯ ಹನಿ ಬಿದ್ದ ಹಾಗೆ ಒಂದು ಕಲೆ ಕಂಡರೆ ವೈದ್ಯರ ಸಂಶಯ ಬಲವಾಗುತ್ತದೆ. ಸೋರಿಯಾಸಿಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಉಗುರುಗಳಲ್ಲಿ ಇಂಥ ಒಂದಲ್ಲ ಒಂದು ಬದಲಾವಣೆ ಇರುತ್ತದೆ. ಅಪರೂಪಕ್ಕೆ ಮೈಯಲ್ಲಿ ಎಲ್ಲೂ ಹೊಟ್ಟಿಲ್ಲದೆ ಉಗುರಿನಲ್ಲಿ ಮಾತ್ರ ಬರುವುದೂ ಉಂಟು. ಆಗ ಗುರುತಿಸುವುದು ಕಷ್ಟ.

ಒಂದು ಮಾತನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು. ಸೋರಿಯಾಸಿಸ್ ಅಂಟುರೋಗವಲ್ಲ. ಕೈ ಹಿಡಿದರೆ, ಒಂದೇ ಟವೆಲ್ ಬಳಸಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅದು ಬರುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕರಾವಳಿಯಲ್ಲಿ ಚರ್ಮದ ಕಾಯಿಲೆ ಎಂದ ಕೂಡಲೇ ನಾಗದೋಷದ ಮಾತು ಬರುತ್ತದೆ. ಆಶ್ಲೇಷಾ ಬಲಿ ಮಾಡಿಸುವವರು ಮಾಡಿಸಲಿ, ಅದು ಅವರವರ ನಂಬಿಕೆ. ಆದರೆ ಸೇವೆ ಆಗುವವರೆಗೆ ಮದ್ದು ಬೇಡ ಎಂದು ಮುಂದೂಡುವುದರಿಂದ ರೋಗಿಗೆ ನಷ್ಟ.

ಹಾಗಾದರೆ ಫಂಗಸ್ ಯಾವುದು?

ಉಗುರು ಹಳದಿಯಾಗಿ ದಪ್ಪವಾದರೆ ಎಲ್ಲರ ಬಾಯಲ್ಲೂ ಬರುವ ಶಬ್ದ ಫಂಗಸ್, ಅಂದರೆ ಶಿಲೀಂಧ್ರದ ಸೋಂಕು. ಅದೂ ನಮ್ಮಲ್ಲಿ ಧಾರಾಳವಾಗಿ ಉಂಟು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಾಲು ಒಣಗುವುದೇ ಇಲ್ಲ. ಕಾರ್ಕಳದ ಗದ್ದೆ, ತೋಟಗಳಲ್ಲಿ ದುಡಿಯುವವರ ಕಾಲಿನ ಹೆಬ್ಬೆರಳಿನ ಉಗುರು ನೋಡಿದರೆ ತಿಳಿಯುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ಸ್ಥೂಲವಾಗಿ ಹೀಗೆ. ಫಂಗಸ್ ಸಾಮಾನ್ಯವಾಗಿ ಕಾಲಿನಲ್ಲಿ, ಒಂದೆರಡು ಉಗುರಿನಲ್ಲಿ ಆರಂಭವಾಗುತ್ತದೆ. ಬೆರಳುಗಳ ಸಂದಿಯಲ್ಲಿ ಬಿಳಿಚಿಕೊಂಡ ಕೊಳೆತ ಚರ್ಮ, ತೊಡೆಸಂದಿಯಲ್ಲಿ ಹುಳುಕಡ್ಡಿ ಜೊತೆಗಿರಬಹುದು. ಸೋರಿಯಾಸಿಸ್ ಹಲವು ಉಗುರುಗಳಿಗೆ, ಎರಡೂ ಕೈಗಳಿಗೆ ಬರುವುದು ಹೆಚ್ಚು, ಕುಳಿಗಳು ಇರುತ್ತವೆ. ಆದರೆ ಬರೇ ಕಣ್ಣಿನಿಂದ ತೀರ್ಮಾನ ಮಾಡಿದರೆ ಅನುಭವಿ ವೈದ್ಯರೂ ತಪ್ಪಬಹುದು. ಅದಕ್ಕೂ ಹೆಚ್ಚಾಗಿ, ಸೋರಿಯಾಸಿಸ್‌ನಿಂದ ಸಡಿಲಾದ ಉಗುರಿನೊಳಗೆ ಫಂಗಸ್ ಬಂದು ಮನೆ ಮಾಡುವುದೂ ಇದೆ. ಹಾಗಾಗಿ ಉಗುರಿನ ತುಂಡನ್ನೂ ಅಡಿಯ ಹುಡಿಯನ್ನೂ ತೆಗೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದೊಡ್ಡ ಖರ್ಚಿನ ಪರೀಕ್ಷೆಯಲ್ಲ, ನೋವೂ ಇಲ್ಲ.

ಈ ಪರೀಕ್ಷೆ ಮಾಡಿಸದೆ ಮೆಡಿಕಲ್ ಶಾಪಿನಲ್ಲಿ ಕೇಳಿ ಫಂಗಸ್ ಮಾತ್ರೆ ನುಂಗುವವರಿದ್ದಾರೆ. ಟರ್ಬಿನಾಫಿನ್ ಮಾತ್ರೆಯನ್ನು ಕೈಯ ಉಗುರಿಗೆ ಆರು ವಾರ, ಕಾಲಿನದಕ್ಕೆ ಹನ್ನೆರಡು ವಾರ ಕೊಡುವುದು ಕ್ರಮ. ಯಕೃತ್ತಿನ ಕಾಯಿಲೆ ಇದ್ದವರಿಗೆ ಅದು ಆಗಿಬರುವುದಿಲ್ಲ. ಇಲ್ಲದ ಫಂಗಸಿಗೆ ಮೂರು ತಿಂಗಳು ಮಾತ್ರೆ ತಿಂದರೆ ಹಣವೂ ಹೋಯಿತು, ಉಗುರೂ ಹಾಗೇ ಉಳಿಯಿತು. ಆ ಮಾತ್ರೆಯೇ ಸೋರಿಯಾಸಿಸನ್ನು ಕೆರಳಿಸಿದ ಉದಾಹರಣೆಗಳೂ ವೈದ್ಯ ಸಾಹಿತ್ಯದಲ್ಲಿವೆ. ಇನ್ನು ಟ್ಯೂಬಿನಲ್ಲಿ ಸಿಗುವ ಮಿಶ್ರ ಮುಲಾಮುಗಳ ಹಾವಳಿ ಬೇರೆ. ಒಂದೇ ಟ್ಯೂಬಿನಲ್ಲಿ ಸ್ಟೀರಾಯ್ಡ್, ಫಂಗಸಿನ ಮದ್ದು, ಬ್ಯಾಕ್ಟೀರಿಯಾದ ಮದ್ದು ಮೂರೂ ಇರುತ್ತವೆ. ತುರಿಕೆ ಎರಡು ದಿನ ನಿಲ್ಲುತ್ತದೆ, ಹುಳುಕಡ್ಡಿ ಒಳಗಿಂದೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ "ಮೊನ್ನೆ ಕೊಟ್ಟದ್ದೇ ಕೊಡಿ" ಎಂದು ಕೇಳುವ ನಮ್ಮ ಅಭ್ಯಾಸ ಬಿಟ್ಟಿಲ್ಲ.

ಇವೆರಡೇ ಅಲ್ಲ. ಕೈಯ ಇಸುಬು ಬುಡದ ಚರ್ಮಕ್ಕೆ ಬಂದರೆ ಉಗುರಿನಲ್ಲಿ ಅಡ್ಡಡ್ಡ ಏಣುಗಳು ಏಳುತ್ತವೆ. ಲೈಕನ್ ಪ್ಲೇನಸ್ ಎಂಬ ಇನ್ನೊಂದು ರೋಗದಲ್ಲಿ ಉಗುರು ತೆಳುವಾಗಿ, ಉದ್ದಕ್ಕೆ ಸೀಳುತ್ತ, ಕೊನೆಗೆ ಬುಡದ ಚರ್ಮ ಉಗುರಿಗೇ ಅಂಟಿ ಮುಂದೆ ಬರುತ್ತದೆ. ಹಾಗೆ ಬೇರು ಸುಟ್ಟುಹೋದರೆ ಆ ಉಗುರು ಮತ್ತೆ ಬರುವುದಿಲ್ಲ. ಸೋರಿಯಾಸಿಸ್‌ಗೆ ಕಾಯಬಹುದು, ಇದಕ್ಕೆ ಕಾಯುವಂತಿಲ್ಲ.

ನೀರಿನ ಕೆಲಸ, ಗೇರುಬೀಜದ ಕೆಲಸ

ನಮ್ಮ ಕಡೆಯ ಹೆಂಗಸರ ಬೆರಳು ಮಾಡುವ ಕೆಲಸಗಳನ್ನು ಎಣಿಸಿ ನೋಡಿ. ಮಲ್ಪೆ, ಕಾಪುವಿನಲ್ಲಿ ಬಂಗುಡೆ, ಬೂತಾಯಿ ಕೊಯ್ದು ತೊಳೆಯುವವರು. ಹೊಟೇಲಿನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಪಾತ್ರೆ ಉಜ್ಜುವವರು. ಬೀಡಿಯ ತುದಿಯನ್ನು ಒತ್ತಿ ಮಡಚುವವರು. ಶಂಕರಪುರದ ಕಡೆ ಮಲ್ಲಿಗೆಯ ಮೊಗ್ಗು ಚಿವುಟಿ ಬಾಳೆನಾರಿನಲ್ಲಿ ಕಟ್ಟುವವರು. ಕಾರ್ಕಳದ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವವರು. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಬೆರಳನ್ನು ಕಪ್ಪಾಗಿಸುತ್ತದೆ. ಗವಸು ಕೊಟ್ಟರೂ ಕೆಲಸ ನಿಧಾನವಾಗುತ್ತದೆಂದು ತೆಗೆದಿಡುವವರಿದ್ದಾರೆ. ಎಣಿಕೆಯ ಮೇಲೆ ಕೂಲಿ ಇರುವಾಗ ಅವರನ್ನು ದೂರಿ ಪ್ರಯೋಜನವಿಲ್ಲ.

ದಿನವಿಡೀ ನೀರಿನಲ್ಲಿರುವ ಬೆರಳಿನ ಬುಡದ ಪೊರೆ ಕರಗಿಹೋಗಿ, ಚರ್ಮ ಕೆಂಪಗೆ ಊದಿ, ಒತ್ತಿದರೆ ನೋಯುತ್ತದೆ. ಇದು ಉಗುರುಸುತ್ತಿನ ಹಳೆಯ, ಮೊಂಡು ರೂಪ. ಉಗುರಿನ ಬದಿ ಹಸಿರು ತಿರುಗಿದರೆ ಅಲ್ಲಿ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಹೀಗಿರುವವರು ಹತ್ತಿಯ ತೆಳು ಗವಸು ಹಾಕಿ ಅದರ ಮೇಲೆ ರಬ್ಬರಿನದನ್ನು ಹಾಕಿಕೊಂಡರೆ ಬೆವರೂ ಹೀರುತ್ತದೆ, ನೀರೂ ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಸಂದಿಗಳನ್ನು ಒರೆಸಿ ತೆಂಗಿನೆಣ್ಣೆಯನ್ನೋ ವ್ಯಾಸಲೀನನ್ನೋ ಬುಡಕ್ಕೆ ಹಚ್ಚಬೇಕು. ಹಲಸಿನ ಮೇಣಕ್ಕೆ ಎಣ್ಣೆ ಹಚ್ಚಿಕೊಳ್ಳುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸೋಪಿನ ನೀರಿಗೂ ಹಾಗೆಯೇ ಒಂದು ಹನಿ ಎಣ್ಣೆ ಖರ್ಚು ಮಾಡಬಹುದು.

ಪಾರ್ಲರಿನವರು ಏನು ಮಾಡಬೇಕು?

ಬ್ರಹ್ಮಾವರದ ರುಡ್‌ಸೆಟಿಯಂಥ ಸಂಸ್ಥೆಗಳಲ್ಲಿ ತರಬೇತಿ ಪಡೆದು ಊರೂರಲ್ಲಿ ಪಾರ್ಲರ್ ತೆರೆದ ಹೆಣ್ಣುಮಕ್ಕಳು ಅನೇಕರಿದ್ದಾರೆ. ವೈದ್ಯರಿಗಿಂತ ಹೆಚ್ಚು ಉಗುರುಗಳನ್ನು, ಒಳ್ಳೆಯ ಬೆಳಕಿನಲ್ಲಿ, ಹತ್ತಿರದಿಂದ ನೋಡುವವರು ಇವರೇ. ಹಾಗಾಗಿ ಇವರ ಒಂದು ಮಾತಿಗೆ ಬೆಲೆ ಇದೆ. ಆದರೆ ರೋಗದ ಹೆಸರು ಹೇಳುವುದು ಇವರ ಕೆಲಸವಲ್ಲ. "ನಿಮಗೆ ಸೋರಿಯಾಸಿಸ್" ಎಂದೂ ಹೇಳಬಾರದು, "ಏನೂ ಇಲ್ಲ, ಕ್ಯಾಲ್ಸಿಯಂ ಕಮ್ಮಿ" ಎಂದೂ ಹೇಳಬಾರದು. ಈ ಕ್ಯಾಲ್ಸಿಯಂ ಮಾತು ಎಲ್ಲಿಂದ ಹುಟ್ಟಿತೋ, ಉಗುರಿನ ಬಿಳಿ ಚುಕ್ಕೆಗೂ ಅದಕ್ಕೂ ಸಂಬಂಧವಿಲ್ಲ. ಬುಡಕ್ಕೆ ಬಿದ್ದ ಸಣ್ಣಪುಟ್ಟ ಏಟಿನಿಂದ ಆ ಚುಕ್ಕೆ ಬರುವುದು.

ಮೊದಲು ಮೆಲ್ಲಗೆ ಕೇಳಿ, ಬೇರೆಯವರಿಗೆ ಕೇಳಿಸದ ಹಾಗೆ. "ಎಷ್ಟು ಸಮಯದಿಂದ ಹೀಗೆ ಉಂಟು ಅಕ್ಕಾ? ಡಾಕ್ಟರಿಗೆ ತೋರಿಸಿದ್ದೀರಾ? ಮುಟ್ಟಿದರೆ ನೋಯುತ್ತದಾ?" ಕೀವು, ರಕ್ತ, ಬಿರುಕು, ಬಿಸಿಯಾದ ಬಾವು ಇದ್ದರೆ ಆ ಬೆರಳನ್ನು ಆ ದಿನ ಮುಟ್ಟಬೇಡಿ. ಸೋಂಕಿನ ಸಂಶಯವಿದ್ದರೂ ಅಷ್ಟೆ, ವೈದ್ಯರು ನೋಡಿದ ಮೇಲೆ ಬನ್ನಿ ಎನ್ನಿ. ಉಳಿದಂತೆ ಕೆಲಸ ಮಾಡಬಹುದು, ಕ್ರಮ ಸ್ವಲ್ಪ ಬೇರೆ.

ಸೋರಿಯಾಸಿಸ್‌ಗೆ ಒಂದು ವಿಚಿತ್ರ ಸ್ವಭಾವವಿದೆ. ಚರ್ಮಕ್ಕೆ ಎಲ್ಲಿ ಗಾಯವಾಗುತ್ತದೋ ಅಲ್ಲಿ ಹೊಸದಾಗಿ ಕಾಣಿಸಿಕೊಳ್ಳುತ್ತದೆ. 19ನೇ ಶತಮಾನದ ಜರ್ಮನ್ ವೈದ್ಯ ಹೈನ್ರಿಕ್ ಕೋಬ್ನರ್ ಇದನ್ನು ಗುರುತಿಸಿದರು, ಇವತ್ತಿಗೂ ಅದು ಅವರ ಹೆಸರಿನಲ್ಲೇ ಇದೆ. ಅಂದ ಮೇಲೆ ಉಗುರಿನಡಿಯ ಹೊಟ್ಟನ್ನು ಕಡ್ಡಿ ಹಾಕಿ ಕೆರೆಯುವುದು, ಪೊರೆಯನ್ನು ತಳ್ಳಿ ಕತ್ತರಿಸುವುದು, ಮೇಲ್ಮೈಯ ಕುಳಿ ಮಾಯವಾಗಲೆಂದು ಉಜ್ಜುವುದು ಇವೆಲ್ಲ ರೋಗಕ್ಕೆ ಆಹ್ವಾನ. ಕೆರೆದಷ್ಟೂ ಉಗುರು ಇನ್ನಷ್ಟು ಬಿಟ್ಟುಕೊಳ್ಳುತ್ತದೆ. ಗಿರಾಕಿಯೇ "ಅಡಿಯದ್ದು ಸ್ವಲ್ಪ ತೆಗೆದುಬಿಡು ಮಾರಾಯ್ತಿ, ಅಸಹ್ಯ ಕಾಣುತ್ತದೆ" ಎಂದು ಒತ್ತಾಯಿಸಿಯಾರು. ಒಪ್ಪಬೇಡಿ.

ಮಾಡಬಹುದಾದದ್ದು ಏನೆಂದರೆ, ಬಿಟ್ಟುಕೊಂಡ ಭಾಗ ಎಲ್ಲಿಗೂ ಸಿಕ್ಕಿ ಕೀಳದ ಹಾಗೆ ಉಗುರನ್ನು ಗಿಡ್ಡವಾಗಿ ಕತ್ತರಿಸುವುದು. ಇದು ಚಂದಕ್ಕಲ್ಲ, ಚಿಕಿತ್ಸೆಯ ಒಂದು ಭಾಗವೇ. ಅಂಚನ್ನು ಮೃದುವಾದ ಫೈಲಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಸವರಬೇಕು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸುವುದು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಸಾಕು. ನಂತರ ಎಣ್ಣೆ ಹಚ್ಚಿ ಕೈಯನ್ನು ಮೆಲ್ಲಗೆ ತಿಕ್ಕಿ. ಗಾಯವಿಲ್ಲದಿದ್ದರೆ ಸಾಮಾನ್ಯ ನೈಲ್ ಪಾಲಿಶ್ ಹಚ್ಚುವುದಕ್ಕೆ ಅಡ್ಡಿಯಿಲ್ಲ. ಮದುವೆಮನೆಯಲ್ಲಿ ನಾಲ್ಕು ಜನರ ಮುಂದೆ ಓಡಾಡಬೇಕಾದವರಿಗೆ ಅದೊಂದು ಧೈರ್ಯ. ಆದರೆ ಬಣ್ಣ ತೆಗೆಯುವ ಅಸಿಟೋನ್ ಉಗುರನ್ನು ಒಣಗಿಸುವುದರಿಂದ ದಿನಕ್ಕೊಂದು ಬಣ್ಣ ಬದಲಿಸುವ ಚಪಲ ಬೇಡ. ವೈದ್ಯರ ಬಳಿ ಹೋಗುವಾಗ ಎಲ್ಲ ಉಗುರುಗಳ ಬಣ್ಣವನ್ನೂ ತೆಗೆದೇ ಹೋಗಬೇಕು. ಮೆಹಂದಿಯ ಬಣ್ಣವೂ ಉಗುರಿನ ಗುರುತುಗಳನ್ನು ಮರೆಮಾಡುತ್ತದೆ, ಬೆರಳತುದಿಗೆ ಹಚ್ಚುವಾಗ ನೆನಪಿರಲಿ. ಸೊಪ್ಪಿನ ಮೆಹಂದಿಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಬೇಗ ಕಪ್ಪಾಗಲೆಂದು ತಲೆಗೂದಲಿನ ಬಣ್ಣದ ರಾಸಾಯನಿಕ ಬೆರೆಸಿದ ಕಪ್ಪು ಮೆಹಂದಿ ಮಾತ್ರ ಬೇಡವೇ ಬೇಡ, ಬೊಬ್ಬೆ ಏಳುತ್ತದೆ.

ಅಂಟಿಸುವ ಅಕ್ರಿಲಿಕ್ ಉಗುರು, ದೀಪದಡಿ ಗಟ್ಟಿಯಾಗಿಸುವ ಜೆಲ್ ಈಗ ಮಣಿಪಾಲದ ಕಾಲೇಜು ಹುಡುಗಿಯರಲ್ಲಿ ಸಾಮಾನ್ಯ. ಕೆಟ್ಟ ಉಗುರನ್ನು ಮುಚ್ಚಲು ಇದಕ್ಕಿಂತ ಸುಲಭ ಬೇರೆ ಇಲ್ಲವೆಂದು ತೋರುತ್ತದೆ. ಆದರೆ ಅಂಟಿಸುವ ಮೊದಲು ಉಗುರನ್ನು ಉಜ್ಜಿ ಒರಟಾಗಿಸಬೇಕು, ತೆಗೆಯುವಾಗ ಮತ್ತೆ ಕೆರೆಯಬೇಕು. ಉದ್ದನೆಯ ಕೃತಕ ಉಗುರು ಎಲ್ಲಿಗಾದರೂ ತಾಗಿದಾಗ ಸನ್ನೆಗೋಲಿನ ಹಾಗೆ ಕೆಲಸ ಮಾಡಿ ನಿಜವಾದ ಉಗುರನ್ನೂ ಎಬ್ಬಿಸುತ್ತದೆ. ಸಾಲದ್ದಕ್ಕೆ ಅವುಗಳಲ್ಲಿರುವ ಮೆಥಾಕ್ರಿಲೇಟ್ ವಸ್ತುಗಳು ಅಲರ್ಜಿ ತರುತ್ತವೆ. ಒಮ್ಮೆ ಅಲರ್ಜಿ ಹಿಡಿದರೆ ಅದು ಜೀವಮಾನವಿಡೀ ಉಳಿಯುವುದು ಸಾಮಾನ್ಯ, ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ ಅದೇ ಜಾತಿಯ ವಸ್ತುಗಳೂ ತೊಂದರೆ ಕೊಡಬಹುದು. ಇದರ ಅಪಾಯ ಗಿರಾಕಿಗಿಂತ ದಿನವಿಡೀ ಅದನ್ನು ಮುಟ್ಟುವ ಪಾರ್ಲರಿನ ಹುಡುಗಿಗೇ ಹೆಚ್ಚು.

ಕತ್ತರಿ, ಕಡ್ಡಿ, ಟಬ್ಬು

ಸೋರಿಯಾಸಿಸ್ ಅಂಟುವುದಿಲ್ಲವೆಂದ ಮಾತ್ರಕ್ಕೆ ಸಲಕರಣೆಗಳನ್ನು ತೊಳೆಯಬೇಕಾಗಿಲ್ಲವೆಂದಲ್ಲ. ಕತ್ತರಿಯ ಮೊನೆಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದರೂ ಹೆಪಟೈಟಿಸ್ ಬಿ ವೈರಸ್ ದಾಟಬಹುದು. ಒಣಗಿದ ರಕ್ತದಲ್ಲಿ ಅದು ಒಂದು ವಾರದವರೆಗೂ ಜೀವ ಹಿಡಿದಿರುತ್ತದೆ. ಡೆಟ್ಟಾಲಿನಲ್ಲಿ ಅದ್ದಿ ಒರೆಸಿದರೆ ಸಾಲದು. ನೀಲಿ ದೀಪದ ಪೆಟ್ಟಿಗೆಯೊಳಗೆ ಇಟ್ಟರೂ ಸಾಲದು, ಅದು ಶುದ್ಧ ಮಾಡಿದ್ದನ್ನು ಇಟ್ಟುಕೊಳ್ಳುವ ಕಪಾಟು ಅಷ್ಟೆ. ಲೋಹದ ಸಲಕರಣೆಗಳನ್ನು ಸೋಪು, ಬ್ರಶ್ಶಿನಿಂದ ತಿಕ್ಕಿ ತೊಳೆದು ಆಟೊಕ್ಲೇವ್‌ನಲ್ಲಿ ಶುದ್ಧ ಮಾಡುವುದು ಉತ್ತಮ. ಅದಿಲ್ಲದ ಸಣ್ಣ ಪಾರ್ಲರಿನವರು ಕೊನೇಪಕ್ಷ ಕೊತಕೊತ ಕುದಿಯುವ ನೀರಿನಲ್ಲಿ 20 ನಿಮಿಷ ಮುಳುಗಿಸಿಡಬೇಕು. ತಿಕ್ಕಿ ತೊಳೆಯದೆ ಕುದಿಸಿದರೆ ಕೊಳೆ ಬೆಂದು ಅಂಟಿಕೊಳ್ಳುತ್ತದೆ, ಅಷ್ಟೇ. ಮರದ ಕಡ್ಡಿ, ಕಾಗದದ ಫೈಲು ಒಬ್ಬರಿಗೆ ಒಮ್ಮೆ. ಮುಗಿದ ಮೇಲೆ ಗಿರಾಕಿಯ ಕೈಗೇ ಕೊಟ್ಟುಬಿಡಿ.

ಕಾಲು ನೆನೆಸುವ ಟಬ್ಬಿನ ಕಥೆ ಇನ್ನೊಂದು. 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಪಾರ್ಲರಿನ ನೂರಕ್ಕೂ ಹೆಚ್ಚು ಗಿರಾಕಿಗಳ ಕಾಲಿನಲ್ಲಿ ತಿಂಗಳುಗಟ್ಟಲೆ ಮಾಯದ ಕುರುಗಳು ಎದ್ದವು. ಹುಡುಕಿ ನೋಡಿದಾಗ, ನೀರು ಸುಳಿ ತಿರುಗುವ ಟಬ್ಬಿನ ಜಾಲರಿಯ ಹಿಂದೆ ಕೂದಲು, ಕೊಳೆ ತುಂಬಿ, ಅದರಲ್ಲಿ ಕ್ಷಯದ ರೋಗಾಣುವಿನ ದೂರದ ಸಂಬಂಧಿಯಾದ ಒಂದು ಬ್ಯಾಕ್ಟೀರಿಯಾ ಬೆಳೆದಿತ್ತು. ಮೊದಲೇ ಕಾಲಿನ ಕೂದಲು ಬೋಳಿಸಿಕೊಂಡು ಬಂದವರಿಗೆ ತೊಂದರೆ ಹೆಚ್ಚಾಗಿತ್ತು. ನಮ್ಮ ಸಾದಾ ಪ್ಲಾಸ್ಟಿಕ್ ಬೇಸಿನ್ನೇ ಈ ವಿಷಯದಲ್ಲಿ ಮೇಲು. ಪ್ರತಿ ಗಿರಾಕಿಯ ನಂತರ ತಿಕ್ಕಿ ತೊಳೆದು ಒಣಗಿಸಿದರೆ ಮುಗಿಯಿತು. ಮಧುಮೇಹ ಇರುವವರು ಮಾತ್ರ ಕಾಲನ್ನು ಪಾರ್ಲರಿನಲ್ಲಿ ಬೇರೆಯವರ ಕೈಗೆ ಕೊಡುವ ಮೊದಲು ವೈದ್ಯರನ್ನು ಕೇಳಿಕೊಳ್ಳುವುದು ಒಳಿತು.

ಮನೆಯ ಮಾತೂ ಬಂತು. ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ ಒಂದೇ ನೈಲ್ ಕಟರ್ ಇಡೀ ಮನೆಗೆ. ಮನೆಯಲ್ಲಿ ಒಬ್ಬರಿಗೆ ಕಾಲುಗುರಿನ ಫಂಗಸ್ ಇದ್ದರೆ ಅವರಿಗೆ ಬೇರೆಯದನ್ನು ತೆಗೆದುಕೊಡಿ. ಸಂಜೆ ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಎಂದು ಅಜ್ಜಿ ಬೈಯುತ್ತಿದ್ದುದು ಚಿಮಿಣಿ ದೀಪದ ಕಾಲಕ್ಕೆ ಸರಿಯಾದ ವೈದ್ಯ ಸಲಹೆಯೇ.

ಬೆರಳಿನ ಗಂಟು ನೋಯುತ್ತದೆಯೇ?

ಉಗುರನ್ನು ಬರೇ ಅಂದದ ವಿಷಯವೆಂದು ತಳ್ಳಿಹಾಕಬಾರದು ಎನ್ನುವುದಕ್ಕೆ ಮುಖ್ಯ ಕಾರಣ ಇದು. ಸೋರಿಯಾಸಿಸ್ ಇರುವ ಕೆಲವರಿಗೆ ಗಂಟುಗಳೂ ಕೆಡುತ್ತವೆ. ಹೀಗೆ ಗಂಟುರೋಗ ಬಂದವರಲ್ಲಿ 100ಕ್ಕೆ ಸುಮಾರು 80 ಮಂದಿಯ ಉಗುರಿನಲ್ಲೂ ಬದಲಾವಣೆ ಇರುತ್ತದೆ. ಬೆರಳತುದಿಯ ಗಂಟನ್ನು ಹಿಡಿದಿರುವ ಸ್ನಾಯುರಜ್ಜು ಉಗುರಿನ ಬೇರಿನ ಪಕ್ಕಕ್ಕೇ ಬಂದು ಸೇರುವುದರಿಂದ ಒಂದರ ಉರಿ ಇನ್ನೊಂದಕ್ಕೆ ತಾಗುತ್ತದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿರುವುದು, ಒಂದು ಬೆರಳು ಇಡಿಯಾಗಿ ಊದುವುದು, ಹಿಮ್ಮಡಿ ನೋವು, ವಿಶ್ರಾಂತಿಯಿಂದ ಹೆಚ್ಚಾಗಿ ನಡೆದಾಡಿದರೆ ಕಡಿಮೆಯಾಗುವ ಸೊಂಟನೋವು ಇವನ್ನು "ವಯಸ್ಸಾಯಿತು, ವಾಯು" ಎಂದು ಮುಲಾಮು ತಿಕ್ಕಿ ದಿನ ದೂಡಬೇಡಿ. ತಡವಾದರೆ ಗಂಟು ಶಾಶ್ವತವಾಗಿ ಸೊಟ್ಟಗಾಗುತ್ತದೆ. ಮಲ್ಲಿಗೆ ಕಟ್ಟಿ, ಬೀಡಿ ಸುತ್ತಿ ಸಂಸಾರ ನಡೆಸುವವರಿಗೆ ಬೆರಳು ಹೋದರೆ ಉಳಿಯುವುದೇನು?

ಇನ್ನೊಂದು ಎಚ್ಚರಿಕೆ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ, ಅದು ಅಗಲವಾಗುತ್ತಿದ್ದರೆ, ಕಪ್ಪು ಬಣ್ಣ ಬುಡದ ಚರ್ಮಕ್ಕೂ ಹರಡುತ್ತಿದ್ದರೆ ಕೂಡಲೇ ತೋರಿಸಬೇಕು. ನಮ್ಮಂಥ ಕಂದು ಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ತೆಳು ಗೆರೆಗಳಿರುವುದು ಸಹಜ, ಹೆದರಬೇಕಾಗಿಲ್ಲ. ಒಂದೇ ಉಗುರಿನದ್ದು ಅಪರೂಪಕ್ಕೆ ಒಂದು ಬಗೆಯ ಕ್ಯಾನ್ಸರ್ ಆಗಿರಬಹುದು.

ಚಿಕಿತ್ಸೆ ಏನು?

ಉಗುರಿನ ಸೋರಿಯಾಸಿಸನ್ನು ಬುಡಸಮೇತ ಕಿತ್ತುಹಾಕುವ ಮದ್ದು ಇಲ್ಲ, ಹತೋಟಿಯಲ್ಲಿಡುವ ಮದ್ದುಗಳು ಇವೆ. ಒಂದೆರಡು ಉಗುರಿಗಷ್ಟೇ ಇದ್ದರೆ ವಿಟಮಿನ್ ಡಿ ಜಾತಿಯ ಮುಲಾಮು, ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರು ಹೇಳಿದ ಜಾಗಕ್ಕೇ ಹಚ್ಚಬೇಕು. ಕುಳಿ ಬೀಳುವ ರೋಗಕ್ಕೆ ಬುಡದ ಚರ್ಮಕ್ಕೆ, ಅಡಿಯ ರೋಗಕ್ಕೆ ಬಿಟ್ಟುಕೊಂಡ ಭಾಗವನ್ನು ಕತ್ತರಿಸಿ ಹಾಸಿಗೆ. ಉಗುರಿನ ಮೇಲೆ ಎಷ್ಟು ತಿಕ್ಕಿದರೂ ಅದು ಒಳಗೆ ಇಳಿಯುವುದಿಲ್ಲ. ಕೆಲವರಿಗೆ ಬುಡದಲ್ಲಿ ಸಣ್ಣ ಸೂಜಿಮದ್ದು ಕೊಡುತ್ತಾರೆ, ನೋಯುತ್ತದೆ, ಆದರೆ ಗುಣ ಕಾಣುತ್ತದೆ. ಹಲವು ಉಗುರು, ಮೈ, ಗಂಟು ಎಲ್ಲ ಸೇರಿದ್ದರೆ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಬೇಕಾದೀತು. ಇದನ್ನು ಈ ರೋಗಕ್ಕೆ ನುಂಗುವುದು ವಾರಕ್ಕೊಮ್ಮೆ, ದಿನಾ ಅಲ್ಲ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಗರ್ಭಿಣಿಯರಿಗೆ, ಮಗುವಿನ ಯೋಚನೆಯಲ್ಲಿರುವವರಿಗೆ ಇದು ನಿಷಿದ್ಧ. ಕುಡಿತ ಬಿಡಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಇತ್ತೀಚಿನ ಬಯಾಲಜಿಕ್ ಸೂಜಿಮದ್ದುಗಳು ಉಗುರಿಗೂ ಚೆನ್ನಾಗಿ ನಾಟುತ್ತವೆ, ಬೆಲೆ ಮಾತ್ರ ಎಲ್ಲರ ಕೈಗೆಟುಕುವಂಥದ್ದಲ್ಲ. ಯಾರೋ ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಸೇರಿರುವುದುಂಟು. ತಿಂದಾಗ ಮೈಯೆಲ್ಲ ತಿಳಿಯಾಗಿ, ಬಿಟ್ಟ ಕೂಡಲೇ ಸೋರಿಯಾಸಿಸ್ ಮೈತುಂಬ ಕೀವುಗುಳ್ಳೆಯಾಗಿ ಏಳಬಹುದು.

ಎಲ್ಲಿಗೆ ಹೋಗುವುದೆಂದು ದೂರ ಹುಡುಕಬೇಕಾಗಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಆರಂಭಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗ ಮಣಿಪಾಲದಲ್ಲೇ ಇದೆ. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ತೋರಿಸಬಹುದು. ಕಾರ್ಕಳದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯ ಬಿದ್ದರೆ ಅವರ ಚೀಟಿ ಹಿಡಿದು ಮುಂದೆ ಹೋಗಬಹುದು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ನುಂಗಿದ ಮಾತ್ರೆಯ ಖಾಲಿ ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಂದೆ, ತಾಯಿ, ಸೋದರಮಾವ ಯಾರಿಗಾದರೂ ಇಂಥ ಹೊಟ್ಟು ಇತ್ತೇ ಎಂದು ಮನೆಯಲ್ಲಿ ಕೇಳಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಕಾಪುವಿನ ಆ ತಾಯಿಯ ಉಗುರು ನಾಲ್ಕು ದಿನದಲ್ಲಿ ಸರಿಯಾಗುವುದಿಲ್ಲ. ಗಿಡ್ಡವಾಗಿ ಕತ್ತರಿಸಿ, ಎಣ್ಣೆ ಹಚ್ಚಿ, ತಿಳಿ ಬಣ್ಣವೊಂದನ್ನು ಬಳಿದು ಮದುವೆ ಮುಗಿಸಬಹುದು. ಬೀಗರ ಔತಣ ಕಳೆದ ಮೇಲೆ ಬಣ್ಣ ತೆಗೆದು ಆಸ್ಪತ್ರೆಗೆ ಹೋಗಲಿ. ಮೊಬೈಲಿನಲ್ಲಿ ಎರಡೂ ಕೈಗಳ ಫೋಟೋ ತೆಗೆದಿಟ್ಟುಕೊಂಡು ತಿಂಗಳಿಗೊಮ್ಮೆ ಹೋಲಿಸಿ ನೋಡಲಿ. ಮದ್ದು ಹಿಡಿದರೆ ಮೊದಲು ಬುಡದಲ್ಲಿ ಒಂದು ನೂಲಿನಷ್ಟು ನುಣುಪಾದ ಉಗುರು ಕಾಣಿಸುತ್ತದೆ. ಅದು ತುದಿ ಮುಟ್ಟುವಾಗ ಮಳೆಗಾಲ ಮುಗಿದು ದೀಪಾವಳಿ ಆಗಿರುತ್ತದೆ.